ಅಳಿಸುವವರ ಹಲಗೆ

ಕುಮಾರವ್ಯಾಸನನ್ನು ಪಾಠ ಮಾಡುವಾಗಲೆಲ್ಲ ನಾನು ಒಂದು ಕಡೆ ತಪ್ಪದೆ ನಿಲ್ಲುತ್ತೇನೆ. ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಇಟ್ಟ ಪದವನ್ನು ಅಳಿಸಿದವನಲ್ಲ ಎಂದು ಆತ ಹೆಮ್ಮೆಪಡುವ ಜಾಗ ಅದು. ಮಕ್ಕಳಿಗೂ ಆ ಜಾಗವೆಂದರೆ ಬಲು ಇಷ್ಟ. "ಹಂಗಾದ್ರೆ ಅವರಿಗೆ ಹೋಂವರ್ಕೇ ಇರ್ಲಿಲ್ವಾ ಮಿಸ್?" ಎಂದು ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಅಳಿಸದೆ ಬರೆಯುವುದು ಮಹಾಕವಿಗೆ ಮಾತ್ರ ಸಾಧ್ಯ, ನಾವೆಲ್ಲ ಎಂಜಲು ಹಚ್ಚಿ ಸ್ಲೇಟು ಒರೆಸುವವರು ಎಂದು ನಾನು ಉತ್ತರ ಹೇಳುತ್ತೇನೆ. ಆದರೆ ಅಳಿಸುವುದನ್ನೇ ಕಸುಬು ಮಾಡಿಕೊಂಡವರ ಒಂದು ದೊಡ್ಡ ಕುಲವೇ ಈ ಭೂಮಿಯ ಮೇಲಿದೆ, ಅವರಿಗೂ ಒಂದು ಹಲಗೆ ಇದೆ, ಆ ಹಲಗೆಗೊಂದು ಇತಿಹಾಸವಿದೆ ಎಂಬುದು ನನಗೆ ತಿಳಿದದ್ದು 2022ರ ಸೆಪ್ಟೆಂಬರಿನಲ್ಲಿ.

ಆ ತಿಂಗಳನ್ನು ನಮ್ಮ ಹಿರಿಯೂರು ಸೀಮೆಯವರು ಮರೆಯುವಂತಿಲ್ಲ. ವೇದಾವತಿಗೆ ಅಡ್ಡವಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ನಮ್ಮವರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಒಮ್ಮೆ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದಿರಲಿಲ್ಲ. ಎಂಬತ್ತೊಂಬತ್ತು ವರ್ಷದ ಮೇಲೆ ಅದು ತುಂಬಿತು. ಬೆಂಗಳೂರು, ಪುಣೆ ಎಂದು ಚದುರಿಹೋದ ಮಕ್ಕಳೆಲ್ಲ ಕೋಡಿ ನೋಡಲು ಊರಿಗೆ ಬಂದರು. ಹಾಗೆ ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿ ಒಬ್ಬನಿದ್ದ. 2005ರಲ್ಲಿ ಎಂಟನೆಯ ತರಗತಿಯಲ್ಲಿದ್ದವನು. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕ್ಲೌಡ್ ಅಪ್ಲಿಕೇಶನ್ ಬರೆಯುತ್ತಾನೆ. ಮೋಡದ ಕೆಲಸ ಎನ್ನುತ್ತಾನೆ ನಗುತ್ತ. ಮೋಡ ಬಂದು ಮಳೆ ಸುರಿಸದೆ ಹೋಗುವುದನ್ನೇ ನೋಡಿ ಬೆಳೆದ ಐಮಂಗಲದವರಿಗೆ ಆ ಮಾತು ಅಷ್ಟು ಭರವಸೆ ಹುಟ್ಟಿಸುವುದಿಲ್ಲ.

ಅವನು ಬಂದದ್ದು ಕೋಡಿ ನೋಡಲು ಮಾತ್ರವಲ್ಲ. "ಮಿಸ್, ನಮ್ಮಜ್ಜಿ ಹೇಳಿದ ಹಾಡುಗಳನ್ನ ನೀವು ಬರ್ಕೊಂಡಿದ್ರಲ್ಲ, ಐತಾ?" ಎಂದು ಕೇಳಿದ.

ಇತ್ತು, ಆದರೆ ಇರಲಿಲ್ಲ. ಅದನ್ನು ಸ್ವಲ್ಪ ವಿವರಿಸಬೇಕು.

2005ರ ಹೊತ್ತಿಗೆ ನಾನು ಮಕ್ಕಳಿಗೆ ಒಂದು ಕೆಲಸ ಹಚ್ಚಿದ್ದೆ. ಮನೆಯಲ್ಲಿರುವ ಹಿರಿಯರ ಬಾಯಿಂದ ಹಾಡು, ಒಗಟು, ಬಾವಿಗಳ ಹೆಸರು, ಬರದ ವರ್ಷಗಳ ಕತೆ ಕೇಳಿ ಬರಬೇಕು. ಚೆನ್ನಾಗಿ ಹೇಳುವವರಿದ್ದರೆ ನಾನೇ ಸಂಜೆ ಹೋಗಿ ಕೂತು ಬರೆದುಕೊಳ್ಳುತ್ತಿದ್ದೆ. ಆ ಹುಡುಗನ ಅಜ್ಜಿ ಅವರಲ್ಲೆಲ್ಲ ದೊಡ್ಡ ಗಣಿ. ಶೇಂಗಾ ಬಿಡಿಸುತ್ತ ಕೂತರೆ ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ನೋಟುಬುಕ್ಕಿನಿಂದ ಶಾಲೆಯ ಕಂಪ್ಯೂಟರಿಗೆ, ಆಗ ಬಳಕೆಯಲ್ಲಿದ್ದ ಒಂದು ಕನ್ನಡ ತಂತ್ರಾಂಶದಲ್ಲಿ, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ನಾನೇ ಟೈಪು ಮಾಡಿದೆ. ಪುಸ್ತಕ ಮಾಡಿಸುವ ಆಸೆ ಇತ್ತು, ಆಗಲಿಲ್ಲ. ಅಜ್ಜಿ ತೀರಿಕೊಂಡರು. ನೋಟುಬುಕ್ಕುಗಳನ್ನು ಅಟ್ಟದ ಮೇಲೆ ಗೆದ್ದಲು ತಿಂದಿತು. ಉಳಿದದ್ದು ಒಂದು ಸಿ.ಡಿ., ಅದರಿಂದ ಇಳಿಸಿಕೊಂಡ ಒಂದು ಪೆನ್‌ಡ್ರೈವ್. ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದಾಗ ನನ್ನ ಎದೆ ಧಸಕ್ಕೆಂದಿತ್ತು. ಕನ್ನಡದ ಒಂದಕ್ಷರವೂ ಇಲ್ಲ. ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಸೊಟ್ಟ ಗೆರೆ ಹೊತ್ತ 'ಎ', ಮುಂದೆ ಇಂಗ್ಲೆಂಡಿನ ಪೌಂಡ್ ಹಣದ ಗುರುತು, ಮತ್ತೆ ಅದೇ ಗೆರೆ ಹೊತ್ತ 'ಎ'. ಪುಟಗಟ್ಟಲೆ ಹೀಗೆ. ಹಾಳಾಯಿತು ಎಂದು ನಾನು ಅದನ್ನು ಬೀರುವಿನಲ್ಲಿಟ್ಟು, ಯಾರಿಗೂ ಹೇಳದೆ ಸುಮ್ಮನಾಗಿದ್ದೆ.

ಹುಡುಗ ನೋಡಿದ. "ಇದು ಕನ್ನಡಾನೇ ಮಿಸ್. ಒಳಗೆ ಐತೆ, ಮ್ಯಾಲೆ ಕಾಣ್ತಿಲ್ಲ ಅಷ್ಟೆ" ಎಂದ. ಲ್ಯಾಪ್‌ಟಾಪು ತೆಗೆದು, ಕಪ್ಪು ಹಲಗೆಯಂಥ ಒಂದು ಪರದೆ ತೆರೆದು, ಅಡಿಗೆಮನೆಯ ಪಕ್ಕದ ಮೇಜಿನ ಮೇಲೆ ಕೆಲಸಕ್ಕೆ ಕೂತ. ಮುಂದಿನ ಎರಡು ದಿನ ನಾನು ಕಾಫಿ ಕೊಡುವ ನೆಪದಲ್ಲಿ ಅವನ ಹಿಂದೆ ನಿಂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವನ್ನು ಆಮೇಲೆ ಓದಿ ತಿಳಿದುಕೊಂಡೆ.

ಮೊದಲು ಕನ್ನಡದ ಕಡೆಯ ಇತಿಹಾಸ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಕಿಟೆಲರ ನಿಘಂಟು ಬಂತು. ಅಂದಿನಿಂದ ಮೊಳೆ ಜೋಡಿಸುವವರಿಗೆ ಕನ್ನಡ ಅಕ್ಷರವೆಂದರೆ ಒಂದು ಆಕಾರ. ತಲಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಒತ್ತು ಇನ್ನೊಂದು ತುಂಡು. ಮುಂದೆ ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯಿಂದ ಕನ್ನಡ ಬೆರಳಚ್ಚು ಯಂತ್ರ ಕಚೇರಿಗಳಿಗೆ ಬಂದಾಗಲೂ ಅದೇ ದಾರಿ. ಅಷ್ಟು ಅಕ್ಷರಗಳಿಗೆ ಅಷ್ಟು ಕೀಲಿ ಎಲ್ಲಿಂದ ತರುವುದು? ತುಂಡುಗಳನ್ನೇ ಜೋಡಿಸಬೇಕು. ಆ ಯಂತ್ರದ ಮುಂದೆ ಕೂತು ಕನ್ನಡ ಕುಟ್ಟುತ್ತಿದ್ದ ಹೆಣ್ಣುಮಕ್ಕಳ ಕೈಚಳಕದ ಬಗ್ಗೆ ಯಾರಾದರೂ ಬೇರೆಯೇ ಒಂದು ಪುಸ್ತಕ ಬರೆಯಬೇಕು.

ಈ ಆಲೋಚನೆಯನ್ನು ತಿರುಗಿಸಿದವರು ಕೆ.ಪಿ. ರಾವ್. ಕಿನ್ನಿಕಂಬಳದವರು, ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ ಇದ್ದವರು, ಅಚ್ಚಿನ ಅಕ್ಷರಗಳ ಒಳಹೊರಗು ಬಲ್ಲವರು. ಕನ್ನಡವನ್ನು ಆಕಾರದಿಂದಲ್ಲ, ಉಚ್ಚಾರದಿಂದ ಕುಟ್ಟಬೇಕು ಎಂದು ಅವರು ತೋರಿಸಿದರು. ಇಂಗ್ಲಿಷ್ ಕೀಲಿಮಣೆಯ 'ಕೆ' ಒತ್ತಿದರೆ ಕ, 'ಎನ್' ಒತ್ತಿದರೆ ನ, ಒತ್ತಕ್ಷರ ಬೇಕಾದರೆ ನಡುವೆ 'ಎಫ್'. ನಮ್ಮ ವರ್ಣಮಾಲೆ ಹೇಗೂ ಉಚ್ಚಾರದ ಕ್ರಮದಲ್ಲೇ ಇದೆಯಲ್ಲ! ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ತಂತ್ರಾಂಶವನ್ನೂ ಮಾಡಿದರು, ತಮ್ಮ ಕೀಲಿಮಣೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ಹಿಡಿದದ್ದು ಆ ಕೀಲಿಮಣೆಯನ್ನೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಹೊರದೇಶದಲ್ಲಿದ್ದ ಕನ್ನಡಿಗರು ಪತ್ರ ಬರೆಯಲು ಕಲಿತದ್ದು ಅದರಿಂದ. ಪೂರ್ಣಚಂದ್ರ ತೇಜಸ್ವಿಯವರಂಥ ದೊಡ್ಡ ಲೇಖಕರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡದ ತಂತ್ರಾಂಶ ಸರಿಯಾಗಬೇಕೆಂದು ಹಟ ಹಿಡಿದು ಓಡಾಡಿದ್ದು ಸುಮ್ಮನೆ ಅಲ್ಲ. ಕಾಡು, ಹಕ್ಕಿ, ಮೀನು ಎಂದಿದ್ದವರಿಗೆ ಇದೇಕೆ ಬೇಕಿತ್ತು ಎಂದು ಆಗ ನಾನೂ ಅಂದುಕೊಂಡಿದ್ದೆ. ನನ್ನ ಪೆನ್‌ಡ್ರೈವ್ ತೆರೆದ ದಿನ ಅರ್ಥವಾಯಿತು.

ಏಕೆಂದರೆ ತೊಡಕು ಇದ್ದದ್ದು ಕುಟ್ಟುವುದರಲ್ಲಿ ಅಲ್ಲ, ಕುಟ್ಟಿದ್ದನ್ನು ಇಟ್ಟುಕೊಳ್ಳುವುದರಲ್ಲಿ. ಬೆರಳು ಉಚ್ಚಾರ ಹೇಳುತ್ತಿತ್ತು. ಆದರೆ ಆ ಕಾಲದ ತಂತ್ರಾಂಶಗಳು ಒಳಗೆ ಉಳಿಸುತ್ತಿದ್ದದ್ದು ಹಳೆಯ ಮೊಳೆಯ ತುಂಡುಗಳನ್ನೇ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಕೂರಿಸಿದ್ದರು. ಹುಡುಗ ನನಗೆ 'ಕನ್ನಡ' ಎಂಬ ಮೂರಕ್ಷರದ ಮೇಲೆಯೇ ಪಾಠ ಮಾಡಿದ. ಕುಟ್ಟುವುದಕ್ಕೆ ಐದು ಕೀಲಿ. ಉಳಿಸಿದ್ದು ಏಳು ತುಂಡು. ಆ ಸೊಟ್ಟ ಗೆರೆಯ 'ಎ' ಎಂದರೆ ನಮ್ಮ ತಲಕಟ್ಟು, ಪೌಂಡಿನ ಗುರುತು ಎಂದರೆ ತಲಕಟ್ಟಿಲ್ಲದ ನಕಾರ. ಆ ಫಾಂಟು ಇರುವ ಯಂತ್ರದಲ್ಲಿ ಎಲ್ಲ ಸರಿ. ಫಾಂಟು ಇಲ್ಲದ ಕಡೆ ಬಾಡಿಗೆದಾರ ಮಾಯ, ಮನೆ ಮಾಲೀಕನ ಮುಖ ಮಾತ್ರ.

ಇದಕ್ಕೆ ಮದ್ದು ಆಗಲೇ ಇತ್ತು. ಉಚ್ಚಾರದ ಕ್ರಮದಲ್ಲೇ ಉಳಿಸುವ ಇಸ್ಕಿ ಎಂಬ ಭಾರತೀಯ ಶಿಷ್ಟತೆ 1991ರದ್ದು. ಅದೇ 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತು. ಅಲ್ಲಿ 'ಕನ್ನಡ' ಎಂದರೆ ಮತ್ತೆ ಐದೇ ಸಂಕೇತ: ಕ, ನ, ವಿರಾಮ, ನ, ಡ. ಬೆರಳು ಒತ್ತಿದಷ್ಟೇ. ಆದರೆ ಸ್ವಂತ ಮನೆ ಕಟ್ಟಿದ ಮೇಲೂ ಬಾಡಿಗೆ ಮನೆ ಬಿಡದವರು ನಾವು. ಐದು ಸಂಕೇತವನ್ನು ಮೂರಕ್ಷರವಾಗಿ ಜೋಡಿಸಿ ತೋರಿಸುವ ಬುದ್ಧಿ ಕಂಪ್ಯೂಟರಿಗೆ ಬರಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟಿನೊಂದಿಗೆ ಆ ಬುದ್ಧಿ ಮನೆಮನೆಗೆ ಬಂದರೂ ಪ್ರೆಸ್ಸುಗಳ ಪುಟ ಕಟ್ಟುವ ತಂತ್ರಾಂಶಗಳಿಗೆ ಬಂದಿರಲಿಲ್ಲ. ಪುಸ್ತಕ ಮಾಡಿಸುವ ಆಸೆಯಿದ್ದ ನಾನು ಪ್ರೆಸ್ಸಿಗೆ ಒಪ್ಪುವಂತೆಯೇ ಟೈಪು ಮಾಡಿದ್ದೆ. ತಪ್ಪು ಯಾರದ್ದೆಂದು ಹೇಳುವುದು ಕಷ್ಟ. 2005ರಲ್ಲಿ ನನ್ನ ಮುಂದೆ ಎರಡು ದಾರಿ ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಇನ್ನು ಹುಡುಗನ ಕಪ್ಪು ಹಲಗೆಯ ವಿಚಾರ. ಅದನ್ನು ಅವರು ಕೋಡ್ ಎಡಿಟರ್ ಎನ್ನುತ್ತಾರೆ. ಎಡಿಟರ್ ಎಂದರೆ ಪತ್ರಿಕೆಯ ಸಂಪಾದಕರು ಎಂದಷ್ಟೇ ತಿಳಿದಿದ್ದ ನನಗೆ ಒಂದು ಹಲಗೆಗೆ ಆ ಹೆಸರು ಏಕೆ ಎನ್ನಿಸಿತು. ನೋಡುತ್ತ ನಿಂತ ಮೇಲೆ ಹೆಸರು ಸರಿಯೇ ಎಂದುಕೊಂಡೆ. ಅವನು ಬರೆದದ್ದಕ್ಕಿಂತ ತಿದ್ದಿದ್ದೇ ಹೆಚ್ಚು.

ಒಂದು ಕಾಲದಲ್ಲಿ ಪ್ರೋಗ್ರಾಂ ಬರೆಯುವವರಿಗೆ ಅಳಿಸುವ ಭಾಗ್ಯವೇ ಇರಲಿಲ್ಲ. ರಟ್ಟಿನ ಕಾರ್ಡಿನಲ್ಲಿ ತೂತು ಕೊರೆಯಬೇಕಿತ್ತು. ಒಂದು ಸಾಲಿಗೆ ಒಂದು ಕಾರ್ಡು. ತೂತು ತಪ್ಪಿದರೆ ಕಾರ್ಡನ್ನೇ ಎಸೆಯಬೇಕು. 1928ರಲ್ಲಿ ಐ.ಬಿ.ಎಂ. ಮಾಡಿದ ಕಾರ್ಡಿನಲ್ಲಿ 80 ಕಾಲಂ ಇದ್ದವು. ಸಾಲು 80 ಅಕ್ಷರ ದಾಟಬಾರದೆಂಬ ಮಡಿ ಇಂದಿಗೂ ಎಷ್ಟೋ ಜನರಲ್ಲಿ ಉಳಿದಿದೆಯಂತೆ. ಹುಡುಗನ ಪರದೆಯ ಮೇಲೂ ಆ ಅಳತೆಗೆ ಒಂದು ತೆಳು ಗೆರೆ ಇತ್ತು. ಕಾರ್ಡು ಸತ್ತು ಎಷ್ಟೋ ಕಾಲವಾದರೂ ಅದರ ಅಂಚು ಬದುಕಿದೆ. ಆಮೇಲೆ ಟಿ.ವಿ.ಯಂಥ ಪರದೆ ಬಂತು. 1976ರ ಹೊತ್ತಿಗೆ ಬಿಲ್ ಜಾಯ್ 'ವಿಐ' ಬರೆದರು, ರಿಚರ್ಡ್ ಸ್ಟಾಲ್‌ಮನ್ ಮತ್ತು ಜೊತೆಯವರು 'ಈಮ್ಯಾಕ್ಸ್' ಮಾಡಿದರು. ಎರಡರಲ್ಲಿ ಯಾವುದು ಹೆಚ್ಚು ಎಂಬ ಜಗಳ ಸ್ಮಾರ್ತ ವೈಷ್ಣವರ ಜಗಳದ ಹಾಗೆ ಇಂದಿಗೂ ಮುಗಿದಿಲ್ಲ ಎಂದು ಹುಡುಗ ಹೇಳಿದ. ಅವನು ಬಳಸುವುದು ಎರಡನ್ನೂ ಅಲ್ಲ, 2015ರಲ್ಲಿ ಮೈಕ್ರೋಸಾಫ್ಟ್ ಪುಕ್ಕಟೆ ಕೊಟ್ಟ 'ವಿಷುಯಲ್ ಸ್ಟುಡಿಯೋ ಕೋಡ್'.

"ನಿಮಗೆಲ್ಲ ಅದರಲ್ಲಿ ಏನು ಬೇಕಪ್ಪ?" ಎಂದು ಕೇಳಿದೆ.

"ಕೈ ಕೀಲಿಮಣೆ ಬಿಟ್ಟು ಏಳಬಾರ್ದು ಮಿಸ್, ಅಷ್ಟೆ" ಎಂದ. ಅಷ್ಟೆ ಎಂದವನು ಅರ್ಧ ಗಂಟೆ ಹೇಳಿದ. ತಪ್ಪು ಬರೆದರೆ ಕೂಡಲೇ ಕೆಂಪು ಗೆರೆ ಎಳೆಯಬೇಕು. ಪದಗಳ ಜಾತಿಗೊಂದು ಬಣ್ಣ ಬೇಕು (ನಾಮಪದ ನೀಲಿ, ಕ್ರಿಯಾಪದ ಹಸಿರು ಎಂದು ನಾನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆನಲ್ಲ, ಹಾಗೆ). ಒಂದು ಹೆಸರಿನ ಮೇಲೆ ಬೆರಳಿಟ್ಟರೆ ಅದು ಎಲ್ಲಿ ಹುಟ್ಟಿತೋ ಅಲ್ಲಿಗೆ ಕರೆದೊಯ್ಯಬೇಕು. ಹಿಂದೆ ಪ್ರತಿ ಎಡಿಟರೂ ಪ್ರತಿ ಭಾಷೆಯನ್ನು ತಾನೇ ಬೇರೆಬೇರೆಯಾಗಿ ಕಲಿಯಬೇಕಿತ್ತಂತೆ. 2016ರಲ್ಲಿ ಎಡಿಟರಿಗೂ ಭಾಷೆಗೂ ನಡುವೆ ಒಂದು ಸಾಮಾನ್ಯ ಒಪ್ಪಂದವಾಯಿತು, ಒಬ್ಬ ದುಭಾಷಿ ಸಿಕ್ಕಿದರೆ ಎಲ್ಲ ಅಂಗಡಿಯಲ್ಲೂ ವ್ಯಾಪಾರ ಮಾಡಬಹುದು ಎಂಬಂತೆ. 2021ರಿಂದ ಯಂತ್ರವೇ ಮುಂದಿನ ಸಾಲನ್ನು ಊಹಿಸಿ ಬರೆದುಕೊಡುವ ಸಹಾಯಕವೂ ಬಂದಿದೆ. ಅದನ್ನು ತೋರಿಸಿದಾಗ ನನಗೆ ಮೊದಲ ಬೆಂಚಿನ ಹುಡುಗರು ನೆನಪಾದರು. ಟೀಚರ್ ವಾಕ್ಯ ಮುಗಿಸುವ ಮೊದಲೇ ಮುಗಿಸುವವರು. ಕೆಲವು ಸಲ ಸರಿ, ಧೈರ್ಯ ಮಾತ್ರ ಯಾವಾಗಲೂ.

ಮೋಡದ ಕೆಲಸದವರಿಗೆ ಇಷ್ಟೂ ಸಾಲದು. ಅವರು ಬರೆಯುವುದು ಇಲ್ಲಿ, ಅದು ಓಡುವುದು ಇನ್ನೆಲ್ಲೋ. 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಶುರು ಮಾಡಿತು. 2016ರಲ್ಲಿ ಮುಂಬಯಿಯಲ್ಲೂ ಅವರ ಕೇಂದ್ರ ಬಂತು. ಮೋಡವೆಂದರೆ ಅದೇ, ಎಲ್ಲೋ ನೆಲದ ಮೇಲಿರುವ ದೊಡ್ಡ ಕಟ್ಟಡ, ಅದರ ತುಂಬ ಕರೆಂಟು ಉಣ್ಣುವ ಯಂತ್ರಗಳು. ನಮ್ಮ ದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಕರೆಂಟು ಎಲ್ಲಿಗೆ ಹೋಗುತ್ತದೆಂದು ಮಕ್ಕಳು ಕೇಳಿದಾಗ ಈಗ ನನಗೆ ಇದೂ ನೆನಪಾಗುತ್ತದೆ. ಇಲ್ಲಿ ಓಡಿದ ಪ್ರೋಗ್ರಾಂ ಅಲ್ಲಿ ಓಡದೆ ಮುಷ್ಕರ ಹೂಡುವುದು ಇವರ ದೊಡ್ಡ ಗೋಳು. ಅದಕ್ಕೆ 2013ರಲ್ಲಿ 'ಡಾಕರ್' ಎಂಬುದು ಬಂದು ಕಂಟೇನರ್ ಎಂಬ ಪದ್ಧತಿ ಜನಪ್ರಿಯವಾಯಿತು. ಮದುವೆಗೆ ಒಲೆ, ಪಾತ್ರೆ, ಸೌಟು, ಸಾಂಬಾರಪುಡಿ ಎಲ್ಲ ತಾವೇ ತರುವ ಅಡಿಗೆಯವರಿದ್ದಾರಲ್ಲ, ಛತ್ರ ಯಾವುದಾದರೇನು, ಸಾರಿನ ರುಚಿ ಬದಲಾಗುವುದಿಲ್ಲ. ದೂರದ ಯಂತ್ರದಲ್ಲಿ ನಡೆಯುತ್ತಿರುವುದನ್ನು ಕೂತಲ್ಲೇ ನೋಡುವ ಕಿಟಕಿಯೂ ಎಡಿಟರಿನಲ್ಲೇ ಇರಬೇಕು. ಗುಟ್ಟಿನ ಪಾಸ್‌ವರ್ಡನ್ನು ಕೋಡಿನೊಳಗೆ ಮರೆತು ಬಿಟ್ಟರೆ ಊರಿಗೆಲ್ಲ ಗೊತ್ತಾಗುವ ಮೊದಲು ಎಚ್ಚರಿಸುವವರೂ ಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 'ಗಿಟ್'. 2005ರಲ್ಲಿ, ನಾನು ಅಜ್ಜಿಯ ಹಾಡು ಕುಟ್ಟುತ್ತಿದ್ದ ವರ್ಷದಲ್ಲೇ, ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆದರು. ಏನೇ ಅಳಿಸಿದರೂ, ಯಾರು, ಯಾವಾಗ, ಏನನ್ನು ಅಳಿಸಿದರೆಂಬ ಲೆಕ್ಕ ಅದರಲ್ಲಿ ಉಳಿಯುತ್ತದೆ. ಹಿಂದಿನ ವಾರದ ಸ್ಥಿತಿಗೆ ಮರಳಬೇಕೆಂದರೆ ಮರಳಬಹುದು. ಅಳಿಸಿಯೂ ಕಳೆಯದ ಹಲಗೆ! ಗದುಗಿನ ವೀರನಾರಾಯಣನ ಗುಡಿಯಲ್ಲಿ ಇದನ್ನು ಹೇಳಿದ್ದರೆ ಕವಿ ಏನನ್ನುತ್ತಿದ್ದನೋ. ನನಗಂತೂ ಗೆದ್ದಲು ತಿಂದ ನೋಟುಬುಕ್ಕುಗಳು ನೆನಪಾಗಿ ಹೊಟ್ಟೆ ಉರಿಯಿತು.

ಆದರೆ ಇಷ್ಟೆಲ್ಲ ಬುದ್ಧಿವಂತ ಹಲಗೆ ಕನ್ನಡದ ಮುಂದೆ ತಡವರಿಸುವುದನ್ನೂ ಕಂಡೆ. ಪ್ರತಿ ಅಕ್ಷರಕ್ಕೂ ಸಮನಾದ ಅಗಲದ ಅಂಕಣ ಎಂಬುದು ಆ ಹಲಗೆಗಳ ಹುಟ್ಟುಗುಣ. ನಮ್ಮ 'ಸ್ತ್ರೀ' ಎಂಬ ಒಂದೇ ಅಕ್ಷರ ಅಂಕಣದಲ್ಲಿ ಕೂರುತ್ತದೆಯೇ? ಒತ್ತು ಪಕ್ಕದ ಮನೆಗೆ ಕಾಲು ಚಾಚಿತ್ತು, ಕರ್ಸರು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. 2008ರ ಪೈಥಾನ್ 3ರಿಂದ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಂತೆ. ಹುಡುಗ ನನ್ನನ್ನು ಮೆಚ್ಚಿಸಲು 'ತಲಕಟ್ಟು', 'ಒತ್ತು' ಎಂದು ಎರಡು ಹೆಸರಿಟ್ಟು ತೋರಿಸಿದ, ಆಮೇಲೆ ಸದ್ದಿಲ್ಲದೆ ಇಂಗ್ಲಿಷಿಗೆ ಮರಳಿದ. ಮಕ್ಕಳಿಗೆ ಪ್ರೋಗ್ರಾಂ ಕಲಿಸಲು 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ 'ಲೋಗೋ' ಎಂಬ ಆಮೆಯ ಆಟವನ್ನು ಯು.ಬಿ. ಪವನಜರು ಕನ್ನಡಕ್ಕೆ ತಂದಿದ್ದರು. ಆಮೆಗೆ ಕನ್ನಡದಲ್ಲೇ ಅಪ್ಪಣೆ ಕೊಡಬಹುದು. ಅದು ಪ್ರತಿ ಹಳ್ಳಿಶಾಲೆಯ ಕಂಪ್ಯೂಟರಿನಲ್ಲಿ ಇರಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ. ನಮ್ಮ ಮಕ್ಕಳು ಇಂಗ್ಲಿಷ್ ಕಾಗುಣಿತಕ್ಕೆ ಹೆದರಿ ಕಂಪ್ಯೂಟರಿಗೂ ಹೆದರುತ್ತಾರೆ. ಎರಡು ಹೆದರಿಕೆಯನ್ನು ಬೇರೆ ಮಾಡಿದ್ದರೆ ಅರ್ಧ ಗೆದ್ದ ಹಾಗಿತ್ತು.

ಮೊದಲ ದಿನ ಸಂಜೆ ಅವನ ಪ್ರೋಗ್ರಾಂ ಓಡಿತು. ಪರದೆಯ ಮೇಲೆ ಕನ್ನಡ ಬಂದದ್ದು ನೋಡಿ ನಾನು ಕೂಗಿದೆ. ಓದಿದರೆ 'ಮನೆ' ಎಂಬಲ್ಲೆಲ್ಲ 'ವುನೆ'. 'ಮಗಳು' 'ವುಗಳು' ಆಗಿದ್ದಳು. ಹುಡುಗ ತಲೆ ಕೆರೆದುಕೊಂಡ. ಇಲ್ಲಿ ಮಾತ್ರ ಅವನಿಗೆ ಟೀಚರ್ ಬೇಕಾದಳು. ಮಕಾರವೆಂದರೆ ವಕಾರಕ್ಕೆ ಒಂದು ಕೊಂಬು ಸೇರಿಸಿದ ಆಕಾರವಲ್ಲವೇ? ಒಂದನೆಯ ತರಗತಿಯಲ್ಲಿ ಹಾಗೆಂದೇ ತಿದ್ದಿಸುತ್ತೇವೆ. ಮೊಳೆ ಉಳಿಸಲು ಯಾರೋ ಹಾಗೆಯೇ ಎರಡು ತುಂಡು ಮಾಡಿದ್ದರು, ನಿಜವಾದ 'ವು'ಗೆ ಬೇರೆ ಕೊಂಬು ಕೊಟ್ಟಿದ್ದರು. ಚಿಕ್ಕ ತುಂಡಿಗಿಂತ ಮೊದಲು ದೊಡ್ಡ ಗುಂಪನ್ನು ಹುಡುಕು ಎಂದು ಪ್ರೋಗ್ರಾಮಿಗೆ ಹೇಳಿದ ಮೇಲೆ ಮಗಳು ಮನೆಗೆ ಮರಳಿದಳು. 'ಬೆಣ್ಣೆ'ಯದ್ದು ಇನ್ನೊಂದು ರಗಳೆ. ಹಳೆಯದರಲ್ಲಿ ಮೊದಲು 'ಣೆ', ಆಮೇಲೆ ಕೆಳಗಿನ ಒತ್ತು. ಯೂನಿಕೋಡಿನಲ್ಲಿ ಒತ್ತು ಮೊದಲು ಸೇರಿ, ಎತ್ವ ಕೊನೆಗೆ ಬರಬೇಕು. 'ಸೂರ್ಯ'ನ ಅರ್ಕಾವತ್ತು ಹಳೆಯದರಲ್ಲಿ ಯಕಾರದ ನಂತರ, ಹೊಸದರಲ್ಲಿ ಯಕಾರಕ್ಕಿಂತ ಮೊದಲು. ಬರೆಯುವ ಕ್ರಮ ಬೇರೆ, ಉಚ್ಚರಿಸುವ ಕ್ರಮ ಬೇರೆ ಎಂದು ವರ್ಷವರ್ಷ ಬಾಯಿಪಾಠ ಹೇಳಿದ್ದು ಅಂದು ಮೊದಲ ಬಾರಿಗೆ ಪ್ರಯೋಜನಕ್ಕೆ ಬಂತು.

ಎರಡನೆಯ ರಾತ್ರಿ ಹನ್ನೊಂದಕ್ಕೆ ಅಜ್ಜಿಯ ಹಾಡುಗಳೆಲ್ಲ ಎದ್ದು ನಿಂತವು. ಹುಡುಗ ಒಂದನ್ನು ಜೋರಾಗಿ ಓದಲು ಹೋಗಿ ನಡುವೆ ಗಂಟಲು ಕಟ್ಟಿ ನಿಲ್ಲಿಸಿದ. ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸರಿಸುತ್ತ ನಿಂತೆ.

ಮರುದಿನ ಕೂತು ಒಂದೊಂದೇ ಸಾಲು ನೋಡಿದೆವು. ನಾನು ಟೈಪು ಮಾಡುವಾಗ ಮಾಡಿದ ತಪ್ಪುಗಳು ಹಾಗೆಯೇ ಬಂದಿದ್ದವು. ಸೊನ್ನೆ ಬರೆಯಬೇಕಾದ ಕಡೆ ಅಂಕಿಯ ಸೊನ್ನೆ, ದೀರ್ಘ ಬಿಟ್ಟ ಕಡೆ ಹ್ರಸ್ವ. ಹೆಚ್ಚಿನವು ಅರ್ಥದಿಂದ ತಿಳಿದವು, ತಿದ್ದಿದೆವು. ಒಂದು ಮಾತ್ರ ಉಳಿಯಿತು. ಕಣಿವೆಗೆ ಸಂಬಂಧಪಟ್ಟ ಹಾಡು. ಅದರಲ್ಲಿ ಕಣಿವೆಗೆ 'ಮರಿ' ತಂದರು ಎಂದಿದೆ. ಅಜ್ಜಿ ಹೇಳಿದ್ದು ಕುರಿಮರಿಯೋ, ಅಥವಾ ನಾನು ದೀರ್ಘ ಬಿಟ್ಟು ಮಾರಿ 'ಮರಿ' ಆದಳೋ? ಕಣಿವೆಮಾರಮ್ಮನ ಜಾಗದಲ್ಲಿ ಎರಡೂ ಸರಿಹೊಂದುತ್ತದೆ. ಮಾರಿ ಎಂದಾದರೆ ದೇವತೆಯನ್ನು ಹೊರಗಿನಿಂದ ತಂದು ನೆಲೆಗೊಳಿಸಿದ ಕತೆ, ಮರಿ ಎಂದಾದರೆ ಹರಕೆಯ ಕತೆ. ಇಡೀ ಹಾಡಿನ ಅರ್ಥ ಒಂದು ದೀರ್ಘದ ಮೇಲೆ ನಿಂತಿದೆ. ಆ ಸಂಜೆ ಅಜ್ಜಿಯ ಮುಂದೆ ಕೂತು ಕೇಳಿದ ಕಿವಿ ನನ್ನದೇ. ಎಷ್ಟು ನೆನಪಿಸಿಕೊಂಡರೂ ಶೇಂಗಾ ಬಿಡಿಸುವ ಸದ್ದು ಕೇಳುತ್ತದೆಯೇ ಹೊರತು ಆ ಪದ ಕೇಳುವುದಿಲ್ಲ.

"ಯಾವುದು ಇಡ್ಲಿ ಮಿಸ್?" ಎಂದು ಹುಡುಗ ಕೇಳಿದ. ಇದ್ದಂತೆಯೇ ಇಡು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕು ಎಂದೆ. ಹಾಕಿ, ಗಿಟ್‌ನಲ್ಲಿ ಸೇರಿಸಿ, ಮುಂಬಯಿಯ ಮೋಡಕ್ಕೆ ಕಳಿಸಿದ. ಅಜ್ಜಿಯ ತಂಗಿಯೊಬ್ಬರು ಹೊಳಲ್ಕೆರೆ ಕಡೆ ಮಗಳ ಮನೆಯಲ್ಲಿದ್ದಾರೆ, ಕಿವಿ ಮಂದ, ನೆನಪು ಚುರುಕು ಎಂದು ಹೊರಡುವಾಗ ಹೇಳಿದ. ಶೇಂಗಾ ಕೀಳುವ ಕೆಲಸ ಮುಗಿಯಲಿ, ಭಾನುವಾರ ನೋಡಿ ಹೋಗೋಣ ಎಂದೆ.

ಹೋದೆವು. ಅವರು ಹಾಡನ್ನು ಮೊದಲಿನಿಂದ ಹೇಳಿದರು. ಆ ಸಾಲು ಬಂದಾಗ 'ಕಣಿವೆಗೆ ನೀರು ತಂದರು' ಎಂದರು. ಅಕ್ಕ ಬೇರೆ ಪದ ಹೇಳುತ್ತಿದ್ದಳಲ್ಲ ಎಂದು ಹುಡುಗ ಕಿವಿಯ ಹತ್ತಿರ ಬಾಗಿ ಕೂಗಿದ. "ಅವಳು ಯಾವಾಗ್ಲೂ ತಪ್ಪೇ ಹೇಳೋಳು ಕಣಪ್ಪ" ಎಂದು ಮುದುಕಿ ಸೆರಗು ಸರಿಮಾಡಿಕೊಂಡು ಮುಂದಿನ ಸಾಲು ಎತ್ತಿಕೊಂಡರು.